ವಾಲ್ವ್ ರಫ್ತಿಗೆ ಮುನ್ನ ಸ್ಕೋಮೆಟ್ ತಪಾಸಣೆ ಹೇಗೆ?

ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಭಾಗದ ಫೌಂಡ್ರಿ ಮಾಲೀಕರು ವಿದೇಶಿ ಆರ್ಡರ್ ಬಂದಾಗ ಮೊದಲು ನೋಡುವುದು ದರ ಮತ್ತು ಡೆಲಿವರಿ. ಅದಕ್ಕೂ ಮೊದಲು ನೋಡಬೇಕಾದ್ದು ಸ್ಕೋಮೆಟ್ ಪಟ್ಟಿ, ಅಂದರೆ ರಫ್ತಿನ ಮೇಲೆ ಸರ್ಕಾರದ ನಿಯಂತ್ರಣವಿರುವ ಸರಕು, ತಂತ್ರಜ್ಞಾನಗಳ ಪಟ್ಟಿ. ನಾಗರಿಕ ಬಳಕೆಯ ಜೊತೆಗೆ ಅಸ್ತ್ರ ತಯಾರಿಕೆಗೂ ಒದಗಬಲ್ಲ ಸರಕು ಅದರಲ್ಲಿದೆ. ಅವನ್ನು ಪರವಾನಗಿ ಇಲ್ಲದೆ ಕಳಿಸುವಂತಿಲ್ಲ.

ಮೊದಲು ಡ್ರಾಯಿಂಗ್ ಮತ್ತು ಲೋಹದ ಟೆಸ್ಟ್ ಸರ್ಟಿಫಿಕೇಟ್ ಎದುರಿಗಿಟ್ಟುಕೊಳ್ಳಿ. ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕು ವರ್ಗೀಕರಿಸುವ ಸಂಖ್ಯೆ) ನೋಡಿ ತೀರ್ಮಾನಿಸಬೇಡಿ, ಒಂದೇ ಕೋಡಿನಡಿ ನಿಯಂತ್ರಿತ ಮತ್ತು ಸಾಮಾನ್ಯ, ಎರಡೂ ಬಗೆಯ ವಾಲ್ವ್ ಇರುತ್ತವೆ. ಗಮನಿಸಬೇಕಾದ್ದು ಅಳತೆ ಮತ್ತು ರಾಸಾಯನಿಕ ತಾಗುವ ಮೇಲ್ಮೈ. ವಾಲ್ವಿನ ನಾಮಿನಲ್ ಅಳತೆ (ಒಳಬಾಯಿ, ಹೊರಬಾಯಿಗಳಲ್ಲಿ ಚಿಕ್ಕದರ ವ್ಯಾಸ) 10 ಮಿ.ಮೀ. ದಾಟಿ, ಆ ಮೇಲ್ಮೈಯ ಮಿಶ್ರಲೋಹದಲ್ಲಿ ನಿಕಲ್ ಶೇ 25 ಹಾಗೂ ಕ್ರೋಮಿಯಂ ಶೇ 20 ಮೀರಿದರೆ ಎಚ್ಚರ. ಸಾಮಾನ್ಯ 316 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನಿಕಲ್ ಶೇ 10ರಿಂದ 14, ಅಷ್ಟಕ್ಕೆ ಚಿಂತೆಯಿಲ್ಲ. ನಿಕಲ್ ಪ್ರಧಾನವಾದ ಅಲಾಯ್ 625 ನೇರವಾಗಿ ಸಿಕ್ಕಿಬೀಳುತ್ತದೆ. ಪೇಚು ಸಿಎನ್7ಎಂ ಎಂಬ ನಿಕಲ್-ಕ್ರೋಮಿಯಂ ಸ್ಟೀಲಿನ ಎರಕದ್ದು: ಅದರ ಕ್ರೋಮಿಯಂ ಶೇ 19ರಿಂದ 22ರವರೆಗೆ ಇರಬಹುದು. ಹಾಗಾಗಿ ಗ್ರೇಡಿನ ಹೆಸರು ಸಾಲದು, ಆಯಾ ಹೀಟಿನ (ಒಮ್ಮೆಗೆ ಕರಗಿಸಿದ ಲೋಹದ) ಅಂಕಿ ಬೇಕು.

ಇನ್ನೊಂದು ತಪ್ಪು ಲೋಹವನ್ನಷ್ಟೇ ನೋಡುವುದು. ಬಾಡಿ ಬರೀ ಬೀಡು ಕಬ್ಬಿಣವಾದರೂ ಒಳಗೆ ಪಿಟಿಎಫ್‌ಇ (ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ಲೈನಿಂಗ್ ಇದ್ದರೆ ರಾಸಾಯನಿಕ ತಾಗುವುದು ಲೈನಿಂಗಿಗೇ, ಅದೂ ನಿಯಂತ್ರಿತ ವಸ್ತು. ಬಿಡಿ ಬಾಡಿ ಕಳಿಸಿದರೂ ಪಟ್ಟಿ ಅನ್ವಯಿಸಬಹುದು. ಡ್ರಾಯಿಂಗನ್ನು ಇಮೇಲಿನಲ್ಲಿ ಕಳಿಸುವುದೂ ತಂತ್ರಜ್ಞಾನದ ರಫ್ತೇ.

ಪಟ್ಟಿಯಲ್ಲಿದ್ದರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಸೇನಾ ಸಾಮಗ್ರಿಯ 6ನೇ ವರ್ಗಕ್ಕೆ ಮಾತ್ರ ರಕ್ಷಣಾ ಉತ್ಪಾದನಾ ಇಲಾಖೆ. ಅರ್ಜಿಗಳು ಮುಗ್ಗರಿಸುವುದು ಅಂತಿಮ ಬಳಕೆಯ ಪ್ರಮಾಣಪತ್ರದಲ್ಲಿ. ಕೊಳ್ಳುವವರು, ಮಧ್ಯವರ್ತಿ, ಬಳಸುವವರು ಬೇರೆ ಬೇರೆಯಾದರೆ ಎಲ್ಲರಿಂದಲೂ ಪಡೆಯಬೇಕು. ದುಬೈ ವ್ಯಾಪಾರಿಯ ಸಹಿಯೊಂದೇ ಇದ್ದು, ವಾಲ್ವ್ ಯಾವ ಕಾರ್ಖಾನೆಗೆ ಹೋಗುತ್ತದೆ ಎಂಬುದು ಇಲ್ಲದಿದ್ದರೆ ಪ್ರಶ್ನೆ ಬಂದೇ ಬರುತ್ತದೆ.

ಪಟ್ಟಿಯಲ್ಲಿ ಇಲ್ಲದ ಸರಕೂ ಸಾಮೂಹಿಕ ವಿನಾಶದ ಅಸ್ತ್ರಕ್ಕೆ ಹೋಗುತ್ತದೆಂಬ ಸುಳಿವಿದ್ದರೆ ನಿಲ್ಲಿಸಬೇಕು, ಅಂಥ ಅಸ್ತ್ರಗಳ ಕುರಿತ 2005ರ ಕಾಯ್ದೆ ಅದನ್ನೂ ಹಿಡಿಯುತ್ತದೆ.

ಭದ್ರತೆಯ ಹೆಸರಿನ ಇಂಥ ತಡೆಗೆ ಅಂತರರಾಷ್ಟ್ರೀಯ ವ್ಯಾಪಾರದ ಗ್ಯಾಟ್ ಒಪ್ಪಂದದ 21ನೇ ವಿಧಿಯ ಆಸರೆ ಇದೆ. ಆ ಆಸರೆಗೂ ಮಿತಿಯಿದೆ, ಅದನ್ನು ಪರಿಶೀಲಿಸಬಹುದು ಎಂದು ರಷ್ಯಾ-ಉಕ್ರೇನ್ ಸಾಗಣೆ ವ್ಯಾಜ್ಯದಲ್ಲಿ ವಿಶ್ವ ವ್ಯಾಪಾರ ಸಂಘಟನೆಯ (ಡಬ್ಲ್ಯುಟಿಒ) ಸಮಿತಿ 2019ರಲ್ಲಿ ಹೇಳಿತು. ಆದರೆ ಅದು ಸರ್ಕಾರಗಳ ನಡುವಿನ ವಾದ. ವಿದೇಶಿ ವ್ಯಾಪಾರ ಕಾಯ್ದೆ ಉಲ್ಲಂಘಿಸಿದ ರಫ್ತುದಾರರಿಗೆ ಸರಕಿನ ಮೌಲ್ಯದ ಐದು ಪಟ್ಟಿನವರೆಗೆ ದಂಡ ಬೀಳಬಹುದು.

ಪರವಾನಗಿ ಬಂದ ಮೇಲೆಯೇ ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ (ರಫ್ತಿನ ಘೋಷಣಾ ಪತ್ರ) ಸಲ್ಲಿಸಿ. ಆ ಬಿಲ್, ಟೆಸ್ಟ್ ಸರ್ಟಿಫಿಕೇಟ್, ಪತ್ರವ್ಯವಹಾರಗಳನ್ನು ಒಂದೇ ಫೈಲಿನಲ್ಲಿ 5 ವರ್ಷ ಇಡಿ.