ಬುನಾದಿಗೂ ಮೊದಲು ಸುಣ್ಣದ ಗೆರೆ: ಮನೆಯ ಪಕ್ಕ ಗ್ಯಾರೇಜು ಕಟ್ಟುವವರಿಗೆ

ಬಳ್ಳಾರಿಯ ತಾಳೂರು ರಸ್ತೆಯ ಕಡೆ ಮನೆ ಕಟ್ಟಿಸಿದಾಗ ಪಕ್ಕದಲ್ಲೊಂದು ಗ್ಯಾರೇಜು ಬೇಕೇ ಬೇಕೆಂದು ಹಟ ಹಿಡಿದಿದ್ದೆ. ಕಾರು ನಿಲ್ಲಬೇಕು, ರವಿವಾರ ಅಲ್ಲೇ ಒಂದಿಷ್ಟು ಬಡಿಗತನ, ಸಣ್ಣಪುಟ್ಟ ವೆಲ್ಡಿಂಗ್ ನಡೆಯಬೇಕು ಎಂಬ ಆಸೆ. ಗೌಂಡಿಗೆ ‘12–20’ ಎಂದೆ, ಅಂದರೆ 12 ಅಡಿ ಅಗಲ, 20 ಅಡಿ ಉದ್ದ. ಅವನು 12–20ನ್ನೇ ಕಟ್ಟಿದ, ಹೊರಗಿನಿಂದ ಅಳೆದು. ಎರಡೂ ಕಡೆಯ 9 ಅಂಗುಲದ ಗೋಡೆ ಕಳೆದು ಒಳಗೆ ಉಳಿದದ್ದು ಹತ್ತೂವರೆ ಅಡಿ ಅಗಲ, ಹದಿನೆಂಟೂವರೆ ಅಡಿ ಉದ್ದ.

ಮೊದಲ ವಾರವೇ ಗೇಟು ಮಾಡಲೆಂದು ಕಬ್ಬಿಣದ ಪೈಪು ತಂದೆ. ಪೈಪು ಅಂಗಡಿಯಲ್ಲಿ ಸಿಗುವುದು 6 ಮೀಟರ್ ಉದ್ದದಲ್ಲಿ, ಅಂದರೆ 19 ಅಡಿ 8 ಅಂಗುಲ. ಗೋಡೆಗುಂಟ ಇಟ್ಟರೆ 14 ಅಂಗುಲ ಹೊರಕ್ಕೆ ಚಾಚಿ ಶಟರ್ ಇಳಿಯಲಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ ಪೈಪು ಹಿಡಿಸಿತು, ನಾನು ಹಿಡಿಸಲಿಲ್ಲ. ಕೊನೆಗೆ ಹೊಸ ಪೈಪನ್ನು ಬಾಗಿಲಲ್ಲೇ ಗರಗಸ ಹಿಡಿದು ಕೊಯ್ದೆ. ಗೌಂಡಿಯನ್ನು ದೂರಿ ಫಲವಿಲ್ಲ. ಒಳಅಳತೆಯೋ ಹೊರಅಳತೆಯೋ ಎಂದು ಅವನು ಕೇಳಲಿಲ್ಲ ನಿಜ, ನಾನೂ ಹೇಳಲಿಲ್ಲ.

ಆದ್ದರಿಂದ ಈ ಲೇಖನದಲ್ಲಿ ಬರುವ ಅಳತೆಗಳೆಲ್ಲ ಒಳಅಳತೆಗಳು. ಒಳಗೆ 12–20 ಬೇಕಿದ್ದರೆ ಹೊರಗೆ ಹದಿಮೂರೂವರೆ–ಇಪ್ಪತ್ತೊಂದೂವರೆ ಅಡಿ ಜಾಗ ಬೇಕು. ಗಿಲಾವು ಕೂಡ ಪ್ರತಿ ಗೋಡೆಯಲ್ಲಿ ಅರ್ಧ ಅಂಗುಲ ನುಂಗುತ್ತದೆ.

ಮೊದಲ ಹೆಜ್ಜೆ: ಸಾಮಾನಿನ ಪಟ್ಟಿ

ಗೋಡೆಯಿಂದ ಶುರುಮಾಡಬೇಡಿ, ಸಾಮಾನಿನಿಂದ ಶುರುಮಾಡಿ. ಒಳಗೆ ಏನೇನು ಬರುತ್ತದೆ ಎಂದು ಬರೆದು, ಪ್ರತಿಯೊಂದರ ಮುಂದೆ ಎರಡು ಅಳತೆ ಹಾಕಿ: ಅದು ಸುಮ್ಮನೆ ಇರುವಾಗ ಹಿಡಿಯುವ ಜಾಗ, ಅದರಲ್ಲಿ ಕೆಲಸ ಮಾಡುವಾಗ ಬೇಕಾಗುವ ಜಾಗ. ಎಲ್ಲರೂ ಎಡವುವುದು ಈ ಎರಡನೆಯದರಲ್ಲಿ.

ಕಾರನ್ನೇ ತೆಗೆದುಕೊಳ್ಳಿ. ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಕಾರುಗಳು 4 ಮೀಟರಿಗೆ ಒಂದು ಕೂದಲೆಳೆ ಕಡಿಮೆ; ಅದಕ್ಕಿಂತ ಉದ್ದವಾದರೆ ತೆರಿಗೆ ಏರುತ್ತದೆ ಎಂಬುದೇ ಅದರ ಗುಟ್ಟು. ಬೊಲೆರೊ ಕೂಡ ಅಷ್ಟೇ, ಸುಮಾರು 13 ಅಡಿ ಉದ್ದ, ಕನ್ನಡಿ ಬಿಟ್ಟು ಪೌಣೆ ಆರು ಅಡಿ ಅಗಲ. ಆದರೆ ಬಾಗಿಲು ತೆರೆದು ಇಳಿಯಲು ಒಂದೊಂದು ಕಡೆ ಎರಡೂವರೆ ಅಡಿಯಾದರೂ ಬೇಕು. ಅಲ್ಲಿಗೆ ಅಗಲ 11 ಅಡಿ ಸಮೀಪಿಸಿತು. ಉದ್ದದಲ್ಲಿ ಕಾರಿನ 13 ಅಡಿ, ಅದರ ಮುಂದೆ ನಿಂತು ಕೆಲಸ ಮಾಡಲು 3 ಅಡಿ, ಹಿಂಗೋಡೆಗೆ ಬೆಂಚು ಹಾಕಿದರೆ 2 ಅಡಿ, ಕಾರಿಗೂ ಶಟರಿಗೂ ನಡುವೆ ಒಂದೂವರೆ ಅಡಿ. ಒಟ್ಟು ಹತ್ತೊಂಬತ್ತೂವರೆ. ಒಂದು ಕಾರು, ಒಂದು ಬೆಂಚಿನ ಗ್ಯಾರೇಜಿಗೆ 12–20 ಎಂಬ ಲೆಕ್ಕ ಹುಟ್ಟುವುದು ಹೀಗೆ. ಇದು ಕನಿಷ್ಠ. ನಿವೇಶನ ಬಿಟ್ಟುಕೊಟ್ಟರೆ 14–22 ಮಾಡಿ. ಪಕ್ಕದ ಗೋಡೆಗುಂಟ ಕಪಾಟು ಬಂದರೂ ಮೈ ಓರೆ ಮಾಡದೆ ಓಡಾಡಬಹುದು.

ಬೈಕ್ ಮಾತ್ರ ಇದ್ದವರಿಗೆ ಇಷ್ಟು ಬೇಡ. ಬೈಕು ಸುಮಾರು ಆರೂವರೆ ಅಡಿ ಉದ್ದ. ಸುತ್ತ 3 ಅಡಿ ಬಿಟ್ಟು, ಒಂದು ಬೆಂಚು ಸೇರಿಸಿದರೆ 10–15ರಲ್ಲಿ ಚೆನ್ನಾಗಿ ನಡೆಯುತ್ತದೆ.

ಮರಗೆಲಸದವರ ಕಷ್ಟ ಬೇರೆ. ಪ್ಲೈವುಡ್ ಹಲಗೆ 8 ಅಡಿ ಉದ್ದ, 4 ಅಡಿ ಅಗಲ. ಅದನ್ನು ಮೇಜಿನ ಗರಗಸದಲ್ಲಿ ಉದ್ದುದ್ದ ಸೀಳಬೇಕಾದರೆ ಗರಗಸದ ಮುಂದೆ 8 ಅಡಿ, ಹಿಂದೆ 8 ಅಡಿ ಬೇಕು. ಅಷ್ಟು ಜಾಗ ಯಾರ ಮನೆಯಲ್ಲಿದೆ? ಗರಗಸವನ್ನು ಶಟರಿಗೆ ಎದುರಾಗಿ ನಿಲ್ಲಿಸಿ, ಸೀಳಿದ ಹಲಗೆ ಬಾಗಿಲಿನಿಂದ ಆಚೆ ಹೋಗುವಂತೆ ಮಾಡುವುದೇ ದಾರಿ. ಮೇಜಿಗೆ ಚಕ್ರ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ನನ್ನಲ್ಲಿ ಈಗ ಬೆಂಚೊಂದನ್ನು ಬಿಟ್ಟು ಎಲ್ಲಕ್ಕೂ ಚಕ್ರವಿದೆ.

ಎರಡನೆಯದು: ಕಾಗದ

ಲೆಕ್ಕದ ಚೌಕಳಿ ಹಾಳೆಯಲ್ಲಿ ಒಂದು ಅಡಿಗೆ ಒಂದು ಸೆಂಟಿಮೀಟರ್ ಇಟ್ಟುಕೊಳ್ಳಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಕಾರು, ಬೆಂಚು, ಗರಗಸ, ಬೈಕಿನ ಅಳತೆಗೆ ಕತ್ತರಿಸಿ ಹಾಳೆಯ ಮೇಲೆ ಸರಿಸಾಡಿ. ಒಂದು ಸಂಜೆಯಲ್ಲಿ ಹತ್ತು ನಕ್ಷೆ ಆಗುತ್ತವೆ, ಎಂಟು ಬೀಳುತ್ತವೆ.

ಇದೇ ಹಂತದಲ್ಲಿ ನಿಮ್ಮ ಊರಿನ ನಗರಸಭೆ ಅಥವಾ ಪಾಲಿಕೆಯ ನಿಯಮದಂತೆ ಗಡಿಯಿಂದ ಎಷ್ಟು ಜಾಗ ಬಿಡಬೇಕೆಂದು ಕೇಳಿಕೊಳ್ಳಿ. ‘ಶೆಡ್ಡಿಗೆ ಯಾರು ಕೇಳುತ್ತಾರೆ’ ಎನ್ನುವವರು ಸಿಗುತ್ತಾರೆ. ಪಕ್ಕದ ಮನೆಯವರು ಕೇಳುತ್ತಾರೆ.

ಮೂರನೆಯದು: ದಿಕ್ಕು

ವಾಸ್ತುವಿನವರು ಏನೇ ಹೇಳಲಿ, ಬಳ್ಳಾರಿ, ರಾಯಚೂರಿನಲ್ಲಿ ಬಾಗಿಲ ದಿಕ್ಕನ್ನು ನಿರ್ಧರಿಸುವವನು ಸೂರ್ಯ. ಪಡುವಣಕ್ಕೆ ಮುಖ ಮಾಡಿದ ಕಬ್ಬಿಣದ ಶಟರ್ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ರೊಟ್ಟಿಯ ಹಂಚಾಗಿರುತ್ತದೆ. ಮೂಡಣ ಅಥವಾ ಬಡಗಣ ಬಾಗಿಲು ಸಿಕ್ಕರೆ ಪುಣ್ಯ. ರಸ್ತೆ ಇರುವುದೇ ಪಡುವಣಕ್ಕಾದರೆ ಶಟರ್ ಮೇಲೆ ನಾಲ್ಕೈದು ಅಡಿಯ ಸಜ್ಜಾ ಚಾಚಿಸಿ. ಆದರೆ ಇಳಿಹೊತ್ತಿನ ಬಿಸಿಲು ಸಜ್ಜಾದ ಕೆಳಗಿನಿಂದಲೇ ನುಗ್ಗುತ್ತದೆ. ಅದಕ್ಕೆ ಮದ್ದು ಬೇವಿನ ಮರ. ಗ್ಯಾರೇಜು ಕಟ್ಟುವ ಯೋಚನೆ ಬಂದ ದಿನವೇ ಸಸಿ ನೆಡಿ.

ಬಾಗಿಲು ಬಡಗಣಕ್ಕಿಲ್ಲದಿದ್ದರೆ ಬೆಂಚನ್ನು ಬಡಗಣ ಗೋಡೆಗೆ ಒರಗಿಸಿ, ಅದರ ಮೇಲೆ ಉದ್ದನೆಯ ಕಿಟಕಿ ಇಡಿ. ವರ್ಷದ ಹೆಚ್ಚಿನ ತಿಂಗಳು ಅಲ್ಲಿಂದ ನೇರ ಬಿಸಿಲು ಬಾರದೆ ತಂಪಾದ ಬೆಳಕು ಬರುತ್ತದೆ, ಕರೆಂಟು ಹೋದಾಗ ಕೆಲಸ ನಿಲ್ಲುವುದಿಲ್ಲ. ಎದುರುಬದುರು ಗಾಳಿಕಿಂಡಿ ಇರಲಿ. ಪಡುವಣ ಕಡೆಯ ಕಿಂಡಿಗೆ ಮುಚ್ಚುವ ಬಾಗಿಲು ಮರೆಯಬೇಡಿ, ಇಲ್ಲವಾದರೆ ಆಷಾಢದ ಗಾಳಿಗೆ ಊರಿನ ಕೆಂದೂಳೆಲ್ಲ ನಿಮ್ಮ ಹೊಸ ಬಣ್ಣದ ಮೇಲೆ ಕೂರುತ್ತದೆ.

ಮಾಡಿಗೆ ತಗಡು ಅಗ್ಗ. ನಮ್ಮ ಬೇಸಿಗೆಗೆ ತಗಡು ಹಾಕುವುದಾದರೆ ಎತ್ತರ 12 ಅಡಿಗಿಂತ ಕೆಳಗೆ ಇಳಿಯದಿರಲಿ, ತುದಿಯಲ್ಲಿ ಬಿಸಿಗಾಳಿ ಹೋಗಲು ದಾರಿ ಇರಲಿ. ಶಟರ್ ಸುತ್ತಿಕೊಳ್ಳುವ ಉರುಳೆಗೂ ಬಾಗಿಲ ಮೇಲೆ ಸುಮಾರು ಒಂದೂವರೆ ಅಡಿ ಬೇಕಾಗುತ್ತದೆ ಎಂಬುದನ್ನು ಎತ್ತರ ಗೊತ್ತುಮಾಡುವಾಗ ಲೆಕ್ಕಕ್ಕೆ ಹಿಡಿಯಿರಿ. ಬಾಗಿಲ ಅಗಲ 9 ಅಡಿ, ಎತ್ತರ 8 ಅಡಿ ಇದ್ದರೆ ಕನ್ನಡಿ ಮಡಚದೆ ಕಾರು ಒಳಗೆ ಬರುತ್ತದೆ.

ನೆಲ, ವಿದ್ಯುತ್ತು, ಕಿಡಿ

ಸಿರುಗುಪ್ಪ, ಸಿಂಧನೂರು, ಗಂಗಾವತಿಯ ಕಡೆ ಎರೆಮಣ್ಣಿನಲ್ಲಿ ಕಟ್ಟುವವರು ನೆಲದ ಬಗ್ಗೆ ಉದಾಸೀನ ಮಾಡುವಂತಿಲ್ಲ. ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟು ಸುರಿದರೆ ನೆಲ ಸೀಳದೆ ಇರದು. ಎರೆಯನ್ನು ತೆಗೆಸಿ, ಗರಸು ತುಂಬಿಸಿ, ಪದರ ಪದರವಾಗಿ ನೀರು ಹಾಯಿಸಿ ದಮ್ಮಸ್ಸು ಮಾಡಿಸಿ. ಬುನಾದಿ ಎಷ್ಟು ಆಳಕ್ಕೆ ಹೋಗಬೇಕೆಂಬುದನ್ನು ಎಂಜಿನಿಯರ್ ಒಬ್ಬರು ಗುಂಡಿ ತೋಡಿಸಿ ನೋಡಿಯೇ ಹೇಳಲಿ. ನೆಲಕ್ಕೆ ಬಾಗಿಲ ಕಡೆಗೆ 8 ಅಡಿಗೆ ಒಂದು ಅಂಗುಲದಂತೆ ಇಳಿಜಾರು ಕೊಡಿಸಿ. ಟೈಲ್ಸ್ ಬೇಡ, ಬೀಳುವ ಮೊದಲ ಸುತ್ತಿಗೆಗೆ ಅದು ಬಲಿ. ಕಡಪ ಕಲ್ಲೂ ಕಪಾಟಿಗೆ ಚೆನ್ನ, ಬೆಂಚಿಗೆ ಬೇಡ.

ಕೆಲವರಿಗೆ ಕಾರಿನ ಅಡಿ ನೋಡಲು ನೆಲದಲ್ಲಿ ಗುಂಡಿ ತೋಡಿಸುವ ಆಸೆ ಇರುತ್ತದೆ. ಮನೆಯಲ್ಲಿ ಅದು ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಹೋಗಿ ಗುಂಡಿಯ ತಳದಲ್ಲಿ ಕೂರುತ್ತದೆ. ಒಂದು ಕಿಡಿ ಸಾಕು.

ಕಿಡಿಯ ಮಾತು ಬಂತು: ವೆಲ್ಡಿಂಗ್ ಮತ್ತು ಗ್ರೈಂಡರ್ ಕೆಲಸಕ್ಕೆ ಒಳಗೆ ಮೂಲೆ ಹುಡುಕಬೇಡಿ. ಕಿಡಿ ಮೂವತ್ತು ಅಡಿ ದೂರಕ್ಕೂ ಹಾರಬಲ್ಲದು, ಮರದ ಹೊಟ್ಟಿನೊಳಗೆ ಬಿದ್ದರೆ ಗಂಟೆಗಟ್ಟಲೆ ಹೊಗೆಯಾಡಿ ರಾತ್ರಿ ಹೊತ್ತಿಕೊಳ್ಳುತ್ತದೆ. ಶಟರಿನ ಹೊರಗೆ, ಸಜ್ಜಾದ ಕೆಳಗೆ ಆರು ಅಡಿಯ ಕಾಂಕ್ರೀಟು ಜಗಲಿ ಮಾಡಿಸಿ ಅಲ್ಲಿ ವೆಲ್ಡಿಂಗ್ ಇಟ್ಟುಕೊಳ್ಳಿ, ಆ ಹೊತ್ತಿಗೆ ಕಾರನ್ನು ದೂರ ನಿಲ್ಲಿಸಿ. ಬೀದಿಯ ಮಕ್ಕಳು ಬೆಳಕು ನೋಡಲು ನಿಲ್ಲುತ್ತಾರೆ. ಅವರ ಕಣ್ಣಿಗೆ ಮರೆಯಾಗಿ ಒಂದು ತಗಡಿನ ಅಡ್ಡಪರದೆ ಬೇಕು.

ಗ್ಯಾರೇಜಿಗೆ ಬೇರೆಯದೇ ವೈರು, ಬೇರೆಯದೇ ಎಂಸಿಬಿ (ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್ಚು), ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಟ್ಟನೆ ಕಡಿಯುವ ಸ್ವಿಚ್ಚು) ಹಾಕಿಸಿ. ವೆಲ್ಡಿಂಗ್ ಯಂತ್ರ ತರುವ ಮುನ್ನ ಜೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡು ಎಷ್ಟಿದೆ ನೋಡಿ, ಸಾಲದಿದ್ದರೆ ಹೆಚ್ಚಿಸಿಕೊಳ್ಳಿ. ಪ್ಲಗ್ಗುಗಳು ಬೆಂಚಿನ ಮೇಲ್ಮೈಗಿಂತ ಮೇಲಿರಲಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿ. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ.

ಬೆಂಚಿನ ಎತ್ತರ ಅಂಗಡಿಯವರನ್ನು ಕೇಳಬೇಡಿ. ನೆಟ್ಟಗೆ ನಿಂತು ಕೈ ಇಳಿಬಿಡಿ, ಮಣಿಕಟ್ಟು ಎಲ್ಲಿ ಬರುತ್ತದೋ ಅದೇ ನಿಮ್ಮ ಎತ್ತರ. ಸಾಮಾನನ್ನು ಬಿಗಿಯಾಗಿ ಕಚ್ಚಿ ಹಿಡಿಯಲು ಬೆಂಚಿನ ಮೇಲೆ ಕೂರಿಸುವ ವೈಸಿನ ಬಾಯಿ ಮೊಣಕೈ ಮಟ್ಟಕ್ಕೆ ಬರಬೇಕು. ಇನ್ನು ಕಾಲಿನಲ್ಲಿ ಹಲಗೆ ಒತ್ತಿ ಹಿಡಿದು, ನೆಲದಲ್ಲಿ ಕೂತು ಕೆಲಸ ಮಾಡುವ ಬಡಿಗೇರರ ಪದ್ಧತಿಯೇ ನಿಮಗೆ ರೂಢಿಯಾಗಿದ್ದರೆ ಬೆಂಚಿನ ಗೊಡವೆ ಬಿಟ್ಟು ನಡುವೆ 8–8 ಅಡಿ ನೆಲ ಖಾಲಿ ಇಡಿ.

ಕೊನೆಯ ಹೆಜ್ಜೆ: ಸುಣ್ಣ

ಕಾಗದದಲ್ಲಿ ಒಪ್ಪಿಗೆಯಾದ ನಕ್ಷೆಯನ್ನು ಗೌಂಡಿಗೆ ಕೊಡುವ ಮುನ್ನ ನೆಲದ ಮೇಲೆ ನಿಜ ಅಳತೆಯಲ್ಲಿ ಬರೆಯಿರಿ. ಗೂಟ ನೆಟ್ಟು, ದಾರ ಎಳೆದು, ಮೂಲೆಯನ್ನು 3–4–5ರ ಲೆಕ್ಕದಲ್ಲಿ ಸರಿ ನೋಡಿ: ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿದರೆ ಅವುಗಳ ನಡುವೆ ಓರೆಯಾಗಿ ಸರಿಯಾಗಿ 5 ಅಡಿ ಬರಬೇಕು. ಆಮೇಲೆ ಸುಣ್ಣದ ಪುಡಿ ಹಾಕಿ ಗೆರೆ ಎಳೆಯಿರಿ. ಗೋಡೆಗೆ ಎರಡು ಗೆರೆ, ಒಳಗಿನದೊಂದು, ಹೊರಗಿನದೊಂದು. ಕಾರನ್ನು ಒಳಗೆ ತಂದು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆಯಿರಿ. ಬೆಂಚಿನ ಜಾಗದಲ್ಲಿ ಮಂಚ ಹಾಕಿ. 20 ಅಡಿಯ ಬಿದಿರು ತಂದು ಬಾಗಿಲಿನಿಂದ ಒಳಗೆ ಒಯ್ದು ತಿರುಗಿಸಿ ನೋಡಿ. ಎರಡು ಮೂರು ದಿನ ಗೆರೆ ಹಾಗೇ ಇರಲಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನಿಂತು ಬಿಸಿಲು ಎಲ್ಲಿಂದ ಬೀಳುತ್ತದೆ ನೋಡಿ.

ಗಂಗಾವತಿಯಲ್ಲಿ ನನ್ನ ತಮ್ಮ ಗ್ಯಾರೇಜು ಕಟ್ಟಲು ಹೊರಟಾಗ ನಾನೇ ನಿಂತು ಹೀಗೆ ಗೆರೆ ಹಾಕಿಸಿದೆ. ಕಾರು ಬಂತು, ಮಂಚ ಬಂತು, ಬಿದಿರು ಆರಾಮಾಗಿ ತಿರುಗಿತು. ಇಬ್ಬರೂ ಬೀಗುತ್ತ ನಿಂತಿದ್ದೆವು. ಅವ್ವ ಬಂದು ಗೆರೆಯೊಳಗೆ ಒಂದು ಸುತ್ತು ಹಾಕಿ, ‘ಎಲ್ಲ ಸರಿ, ವರ್ಷದ ಅಕ್ಕಿ ಚೀಲ ಎಲ್ಲಿಡುತ್ತೀರಿ? ಮಳೆಗಾಲದಲ್ಲಿ ಕೂಲರ್ ಎಲ್ಲಿಗೆ ಹೋಗುತ್ತದೆ?’ ಎಂದಳು. ತಮ್ಮ ನನ್ನ ಮುಖ ನೋಡಿದ. ಹಿಂಗೋಡೆಯ ಗೆರೆಯನ್ನು ಕಾಲಿನಿಂದ ಅಳಿಸಿ ಎರಡೂವರೆ ಅಡಿ ಹಿಂದಕ್ಕೆ ಸರಿಸಿದೆವು.