ಮಗುವಿನ ಪಕ್ಕದಲ್ಲಿ ಪೋಷಕರಿಗೊಂದು ಜಾಗ: ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ನನ್ನ ಅನುಭವ

ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗವನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನ್ನ ಮುಂದೆ ಪೋಷಕರು ಇಡುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಮ್ಮ ಮಗುವಿಗೆ ಓದುವ ಅಭ್ಯಾಸ ಬರಬೇಕು, ಯಾವ ಪುಸ್ತಕ ಕೊಡಬೇಕು ಹೇಳಿ." ನಾಲ್ಕು ಪುಸ್ತಕಗಳನ್ನು ತೆಗೆದುಕೊಟ್ಟು ಕಳಿಸುವುದು ಕಷ್ಟವಲ್ಲ. ಆದರೆ ಆ ಪುಸ್ತಕ ಮನೆ ಸೇರಿದ ಮೇಲೆ ಅದನ್ನು ಮಗುವಿನ ಜೊತೆ ಯಾರು ತೆರೆಯುತ್ತಾರೆ, ಎಷ್ಟು ಸಮಾಧಾನದಿಂದ ಕೂರುತ್ತಾರೆ, ಮಗು ನಡುವೆ ಬಾಯಿ ಹಾಕಿದಾಗ ಏನು ಮಾಡುತ್ತಾರೆ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿರುತ್ತದೆ. ಯುನೆಸ್ಕೊ ಮತ್ತು ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಸೇರಿ 1994ರಲ್ಲಿ ಹೊರಡಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯು ಗ್ರಂಥಾಲಯದ ಕರ್ತವ್ಯಗಳ ಪಟ್ಟಿಯಲ್ಲಿ ಮೊದಲಿಗೆ ಇಟ್ಟದ್ದು ಎಳವೆಯಿಂದಲೇ ಮಕ್ಕಳಲ್ಲಿ ಓದಿನ ಹವ್ಯಾಸವನ್ನು ಬೆಳೆಸಿ ಗಟ್ಟಿಗೊಳಿಸುವುದನ್ನು. ಎಳವೆಯಲ್ಲಿ ಮಗು ಇರುವುದು ಮನೆಯವರ ತೊಡೆಯ ಮೇಲೆಯೇ ಆದ್ದರಿಂದ, ಈ ಕರ್ತವ್ಯವನ್ನು ಪೋಷಕರನ್ನು ಬಿಟ್ಟು ನೆರವೇರಿಸಲು ಸಾಧ್ಯವಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಹಾಗಾಗಿ ಕಥೆ ಹೇಳುವ ಹೊತ್ತಿನಲ್ಲಿ ಪೋಷಕರು ಮಕ್ಕಳನ್ನು ಒಳಗೆ ಬಿಟ್ಟು ಹೊರಗೆ ಕಾಯುವ ಬದಲು, ಚಾಪೆಯ ಮೇಲೆ ಮಕ್ಕಳ ಪಕ್ಕದಲ್ಲೇ ಕೂರುವ ವ್ಯವಸ್ಥೆ ಮಾಡಿದ್ದೇನೆ. ಕಥೆ ಮಕ್ಕಳಿಗೆ, ಕಥೆಯನ್ನು ಓದುವ ರೀತಿಯನ್ನು ದೊಡ್ಡವರು ನೋಡಿಕೊಳ್ಳಲಿ ಎಂಬುದು ನನ್ನ ಉದ್ದೇಶ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರಪುಸ್ತಕವನ್ನು ಸುಮ್ಮನೆ ಓದಿ ಹೇಳುವುದಕ್ಕಿಂತ ಮಗುವನ್ನು ಮಾತಿಗೆಳೆಯುತ್ತ ಓದಿದಾಗ ಅದರ ಭಾಷೆ ಹೆಚ್ಚು ಬೆಳೆಯುತ್ತದೆ ಎಂಬುದು ಕಂಡುಬಂದಿತ್ತು. ಇದನ್ನು ಪೋಷಕರಿಗೆ ಭಾಷಣ ಮಾಡಿ ತಿಳಿಸಲಾಗದು, ತೋರಿಸಬೇಕು. ಮಳೆಯ ಚಿತ್ರವಿರುವ ಪುಟವನ್ನು ಬಿಡಿಸಿ "ನಾಯಿ ಎಲ್ಲಿದೆ?" ಎಂದು ಕೇಳುತ್ತೇನೆ. "ಬೆಂಚ್ ಕೆಳಗೆ" ಎನ್ನುತ್ತದೆ ಮಗು. "ಹೌದು, ಮಳೆಗೆ ನೆನೆದು ಬೆಂಚಿನ ಕೆಳಗೆ ಮುದುಡಿಕೊಂಡು ಕೂತಿದೆ. ಅದಕ್ಕೆ ಈಗ ಏನು ಅನ್ನಿಸುತ್ತಿರಬಹುದು?" ಎಂದು ಮಗುವಿನ ಎರಡು ಪದಗಳನ್ನು ಒಂದು ಪೂರ್ತಿ ವಾಕ್ಯವಾಗಿ ಬೆಳೆಸಿ ಹಿಂತಿರುಗಿಸುತ್ತೇನೆ, ಆಮೇಲೆ ಬಾಯಿ ಮುಚ್ಚಿ ಕಾಯುತ್ತೇನೆ. ಈ ಕಾಯುವಿಕೆಯೇ ದೊಡ್ಡವರಿಗೆ ಅತ್ಯಂತ ಕಠಿಣವಾದದ್ದು. ಮಗು ಯೋಚಿಸುತ್ತಿರುವಾಗ ಉತ್ತರವನ್ನು ತಾವೇ ಹೇಳಿಬಿಡುವ ಆತುರ ಎಲ್ಲರಲ್ಲೂ ಇರುತ್ತದೆ. ಮುಂದಿನ ಪುಟವನ್ನು ಪೋಷಕರ ಕೈಗೇ ಕೊಡುತ್ತೇನೆ. ಮೊದಮೊದಲು ಸಂಕೋಚಪಟ್ಟರೂ ಮಗು ಉತ್ಸಾಹದಿಂದ ಉತ್ತರಿಸತೊಡಗಿದ ಕೂಡಲೇ ಅವರ ದನಿ ಬದಲಾಗುತ್ತದೆ.

ತಮಗೆ ಸರಾಗವಾಗಿ ಓದಲು ಬಾರದು ಎಂಬ ಕಾರಣಕ್ಕೆ ಹಿಂಜರಿಯುವ ಪೋಷಕರೂ ಇರುತ್ತಾರೆ, ಮತ್ತು ಗ್ರಂಥಾಲಯದ ಅಗತ್ಯ ಹೆಚ್ಚಾಗಿರುವುದು ಅವರಿಗೇ. ಒಬ್ಬ ತಂದೆ ಮಗಳನ್ನು ಬಾಗಿಲವರೆಗೆ ಬಿಟ್ಟು ಹೋಗುವವರು, ಒಳಗೆ ಬನ್ನಿ ಎಂದರೆ "ನನಗೆ ಓದು ಬರಲ್ಲ ಮೇಡಂ, ನೀವೇ ಹೇಳಿಕೊಡಿ" ಎನ್ನುತ್ತಿದ್ದರು. ಅವರಿಗೆ ಅಕ್ಷರವೇ ಇಲ್ಲದ, ಬರೀ ಚಿತ್ರಗಳಲ್ಲೇ ಕಥೆ ಸಾಗುವ ಪುಸ್ತಕವೊಂದನ್ನು ಕೊಟ್ಟು ಮಗಳ ಪಕ್ಕದಲ್ಲಿ ಕೂರಿಸಿದೆ. ಅವರು ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು. ಬಳಿಕ ಚಿತ್ರದಲ್ಲಿದ್ದ ಹುಡುಗನಿಗೆ ಒಂದು ಹೆಸರಿಟ್ಟು, ತಮ್ಮ ಮನೆಮಾತಿನಲ್ಲಿ ಕಥೆ ಕಟ್ಟತೊಡಗಿದರು. "ಅಲ್ಲ ಅಪ್ಪ, ಅವನು ಅಳ್ತಾ ಇಲ್ಲ, ನಗ್ತಾ ಇದಾನೆ" ಎಂದು ಮಗಳು ಚಿತ್ರದ ಬಾಯಿಯ ಮೇಲೆ ಬೆರಳಿಟ್ಟು ತಿದ್ದಿದಳು. ಪುಟವನ್ನು ಎಡದಿಂದ ಬಲಕ್ಕೆ ನೋಡುವುದು, ಮುಂದೇನಾಗಬಹುದೆಂದು ಊಹಿಸುವುದು, ಹೇಳಿದ್ದಕ್ಕೆ ಚಿತ್ರದಲ್ಲಿ ಆಧಾರ ತೋರಿಸುವುದು, ಇವೆಲ್ಲವೂ ಓದಿನ ಬುನಾದಿಗಳೇ. ಮನೆಯಲ್ಲಿ ಯಾವ ಭಾಷೆಯಲ್ಲಿ ಮಾತನಾಡಬೇಕು ಎಂದು ಕೇಳುವವರಿಗೂ ನಾನು ಹೇಳುವುದು ಇದನ್ನೇ: ನಿಮಗೆ ಯಾವ ಭಾಷೆಯಲ್ಲಿ ತಡೆಯಿಲ್ಲದೆ ಮಾತು ಬರುತ್ತದೆಯೋ ಆ ಭಾಷೆಯಲ್ಲಿ ಕಥೆ ಹೇಳಿ.

ಪುಸ್ತಕದ ಆಯ್ಕೆಯಲ್ಲಿ ಮಾತ್ರ ನಾನು ಮಗುವಿನ ಪಕ್ಷ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂದು ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಸೂತ್ರಗಳು ಆರು ವರ್ಷದ ಓದುಗನಿಗೂ ಅನ್ವಯಿಸುತ್ತವೆ. ಕಾಮಿಕ್ಸ್ ಬೇಡವೆಂದು ಮಗುವಿನ ಕೈಯಿಂದ ಕಿತ್ತುಕೊಂಡು ದಪ್ಪ ಪುಸ್ತಕವನ್ನು ಹಿಡಿಸುವ ಪೋಷಕರಿಗೆ, ಒಂದು ಪುಸ್ತಕ ಮಗುವಿನ ಇಷ್ಟದ್ದು, ಇನ್ನೊಂದು ನಿಮ್ಮ ಇಷ್ಟದ್ದು ಎಂದು ರಾಜಿ ಮಾಡಿಸುತ್ತೇನೆ; ನಿಮ್ಮ ಇಷ್ಟದ್ದನ್ನು ನೀವೇ ಗಟ್ಟಿಯಾಗಿ ಓದಿ ಹೇಳಬೇಕು ಎಂಬ ಷರತ್ತಿನ ಮೇಲೆ. ಮಗು ತಾನೇ ಓದಿಕೊಳ್ಳುವ ಪುಸ್ತಕದ ಮಟ್ಟ ತಿಳಿಯಲು ಒಂದು ಪುಟ ಓದಿಸಿ, ಗೊತ್ತಿಲ್ಲದ ಪದವೊಂದಕ್ಕೆ ಒಂದೊಂದು ಬೆರಳು ಮಡಿಸಲು ಹೇಳುವ ಕ್ರಮವಿದೆ. ಐದೂ ಬೆರಳು ಮಡಿಸಿದರೆ ಆ ಪುಸ್ತಕವನ್ನು ಸದ್ಯಕ್ಕೆ ಜೊತೆಯಲ್ಲಿ ಕೂತು ಓದುವುದು ಮೇಲು. ಇದು ಬರೀ ಅಂದಾಜಿನ ಲೆಕ್ಕ. ರೈಲಿನ ಹುಚ್ಚು ಹಿಡಿದ ಮಗು ರೈಲಿನ ಬಗೆಗಿನ ಎಂಥ ಕಷ್ಟದ ಪುಟವನ್ನಾದರೂ ಬಿಡದೆ ಓದಿ ಮುಗಿಸುವುದನ್ನು ನಾನು ಕಂಡಿದ್ದೇನೆ. ಓದಿದ ಪುಸ್ತಕವನ್ನೇ ಮತ್ತೆ ಮತ್ತೆ ಕೇಳುತ್ತದೆ ಎಂದು ಬೇಸರಪಡಬೇಕಾಗಿಲ್ಲ. ಮರು ಓದಿನಲ್ಲಿ ಪದಗಳು ಮಗುವಿನ ಸ್ವಂತದ್ದಾಗುತ್ತವೆ.

ಶಾಲೆಯ ಕಲಿಕೆಗೆ ಗ್ರಂಥಾಲಯ ನೆರವಾಗುವುದು ಪ್ರಶ್ನೆಗಳ ಮೂಲಕ. ಚಂದ್ರ ನಮ್ಮ ಜೊತೆಗೇ ಯಾಕೆ ಬರುತ್ತಾನೆ ಎಂದು ಮಗು ಕೇಳಿದರೆ, ಉತ್ತರ ಗೊತ್ತಿದ್ದರೂ "ಬಾ, ಹುಡುಕೋಣ" ಎನ್ನುವಂತೆ ಪೋಷಕರನ್ನು ಕೇಳಿಕೊಳ್ಳುತ್ತೇನೆ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕಗಳನ್ನು ಜೋಡಿಸುವ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ವಿಜ್ಞಾನ 500ರಿಂದ ಆರಂಭವಾಗುತ್ತದೆ. ಖಗೋಳವು 520ರ ಸಾಲಿನಲ್ಲಿ, ಹಕ್ಕಿಗಳು 598ರಲ್ಲಿ, ಜನಪದ ಕಥೆಗಳು 398.2ರಲ್ಲಿ ಸಿಗುತ್ತವೆ. ಪುಸ್ತಕದ ಬೆನ್ನಿನ ಮೇಲಿನ ಅಂಕಿಯ ಗುಟ್ಟು ಒಮ್ಮೆ ತಿಳಿದರೆ ಮಗು ತಾನಾಗಿಯೇ ಕಪಾಟಿನ ಕಡೆ ನಡೆಯುತ್ತದೆ. ಆಮೇಲೆ ಕಲಿಸಬೇಕಾದದ್ದು ಪರಿವಿಡಿ ಮತ್ತು ಕೊನೆಯ ಪದಸೂಚಿಯನ್ನು ನೋಡುವ ಕ್ರಮ. ಇಡೀ ಪುಸ್ತಕ ಓದದೆ ಬೇಕಾದ ಪುಟವನ್ನು ಹಿಡಿಯಬಹುದೆಂದು ತಿಳಿದ ಮಗುವಿಗೆ ದಪ್ಪ ಪುಸ್ತಕದ ಭಯ ಕಳೆಯುತ್ತದೆ. ಎರಡು ಪುಸ್ತಕಗಳು ಒಂದೇ ವಿಷಯವನ್ನು ಬೇರೆ ಬೇರೆಯಾಗಿ ಹೇಳಿದ್ದರೆ ಇನ್ನೂ ಒಳ್ಳೆಯದು, ಯಾವುದನ್ನು ಏಕೆ ನಂಬಬೇಕು ಎಂಬ ಚರ್ಚೆಗೆ ಮನೆಯಲ್ಲಿ ದಾರಿಯಾಗುತ್ತದೆ.

ಹಸುಳೆಗಳನ್ನು ಗ್ರಂಥಾಲಯಕ್ಕೆ ಕರೆತರಬಹುದೇ ಎಂದು ಅನೇಕರು ಕೇಳುತ್ತಾರೆ. ಖಂಡಿತ ಕರೆತರಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1992ರಲ್ಲಿ 300 ಶಿಶುಗಳ ಮನೆಗಳಿಗೆ ಪುಸ್ತಕ ನೀಡಿ ಆರಂಭಿಸಿದ ಬುಕ್‌ಸ್ಟಾರ್ಟ್ ಯೋಜನೆ ಮುಂದೆ ಆ ದೇಶದಾದ್ಯಂತ ಹಬ್ಬಿದ್ದಕ್ಕೆ ಕಾರಣ, ಅಕ್ಷರ ಕಲಿಯುವ ಬಹಳ ಮುಂಚೆಯೇ ಮಗು ಪುಸ್ತಕದ ಸಂಗಡ ಪಡೆಯುವ ಸುಖವನ್ನು ಅದು ಗುರುತಿಸಿದ್ದು. ಎಳೆಯ ಮಗು ಪುಟವನ್ನು ಹರಿದೀತೆಂಬ ಅಂಜಿಕೆಯಿಂದ ಪುಸ್ತಕವನ್ನು ಎತ್ತರದಲ್ಲಿಡುವವರಿಗೆ ದಪ್ಪ ರಟ್ಟಿನ ಪುಟಗಳ ಪುಸ್ತಕಗಳನ್ನು ಕೊಡುತ್ತೇನೆ. ಒಂದು ವೇಳೆ ಹರಿದರೂ ಮನೆಯಲ್ಲಿರುವ ಸಾಮಾನ್ಯ ಅಂಟುಪಟ್ಟಿಯನ್ನು ಹಚ್ಚದೆ ಹಾಗೆಯೇ ತನ್ನಿ ಎನ್ನುತ್ತೇನೆ, ಏಕೆಂದರೆ ಅದು ಕಾಲಾಂತರದಲ್ಲಿ ಹಳದಿಗಟ್ಟಿ ಕಾಗದವನ್ನು ಕೆಡಿಸುತ್ತದೆ. ದುರಸ್ತಿ ನಮ್ಮ ಕೆಲಸ.

ಎಷ್ಟು ಪ್ರಯತ್ನಪಟ್ಟರೂ ಓದು ಹತ್ತದ ಮಕ್ಕಳಿರುತ್ತಾರೆ. ಅಂಥ ಮಗುವನ್ನು ಸೋಮಾರಿ ಎನ್ನುವುದನ್ನು ನಾನು ಸಹಿಸುವುದಿಲ್ಲ. ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸುವಂತೆ, ಡಿಸ್ಲೆಕ್ಸಿಯಾದಂಥ (ಅಕ್ಷರ, ಪದಗಳನ್ನು ಗುರುತಿಸಿ ಓದುವುದೇ ಕಷ್ಟವಾಗುವ) ತೊಂದರೆಯ ಸಂಶಯವಿದ್ದರೆ ತಜ್ಞರನ್ನು ಕಾಣುವಂತೆ ಪೋಷಕರಿಗೆ ಪ್ರತ್ಯೇಕವಾಗಿ ಹೇಳುತ್ತೇನೆ. ನಿರ್ಣಯ ಹೇಳುವ ಅರ್ಹತೆ ಗ್ರಂಥಪಾಲಕರಿಗಿಲ್ಲ. ನಾವು ಮಾಡಬಹುದಾದದ್ದು ಧ್ವನಿಪುಸ್ತಕವನ್ನು ಕೇಳುತ್ತ ಅದೇ ಪುಸ್ತಕದ ಸಾಲುಗಳ ಮೇಲೆ ಕಣ್ಣು ಹಾಯಿಸಲು ಅನುಕೂಲ ಮಾಡಿಕೊಡುವುದು, ಮತ್ತು ಮಗು ಗಟ್ಟಿಯಾಗಿ ಓದುವಾಗ ಪ್ರತಿ ತಪ್ಪಿಗೂ ತಡೆಯದಂತೆ ಮನೆಯವರನ್ನು ಒಪ್ಪಿಸುವುದು.

ಪುಸ್ತಕಗಳಿಗೆ ಮುದ್ರೆ ಒತ್ತಿ ಕೊಡುವಾಗ ಹಿಂತಿರುಗಿಸುವ ವಾರವನ್ನು ಮಗುವಿನ ಬಾಯಿಂದಲೇ ಹೇಳಿಸುತ್ತೇನೆ, ಪೋಷಕರು ತಮಗಾಗಿ ಏನು ಒಯ್ಯುತ್ತಿದ್ದಾರೆ ಎಂದೂ ಕೇಳುತ್ತೇನೆ. ಏನೂ ಇಲ್ಲ ಎಂದರೆ ದೊಡ್ಡವರ ವಿಭಾಗದ ಸದಸ್ಯತ್ವದ ಅರ್ಜಿ ನನ್ನ ಮೇಜಿನ ಮೇಲೆಯೇ ಇರುತ್ತದೆ.