ಸೋರ್ಸ್‌ನಿಂದ ಹಾಕಿದ ತಂತ್ರಾಂಶವನ್ನು ಪೂರ್ತಿ ತೆಗೆದ ಬಗೆ

ಬಾಗಲಕೋಟೆಯ ನಮ್ಮ ಡಿಟಿಪಿ ಅಂಗಡಿಯ ಉಬುಂಟು ಕಂಪ್ಯೂಟರಿನಲ್ಲಿ, ಹಿಂದೆ ಸೋರ್ಸ್‌ನಿಂದ (ಮೂಲ ಕೋಡ್‌ನಿಂದ) ಕಂಪೈಲ್ ಮಾಡಿ ಹಾಕಿದ್ದ ತಂತ್ರಾಂಶವೊಂದರ ಹಳೆಯ ಲೈಬ್ರರಿಯು (ತಂತ್ರಾಂಶಗಳು ಬಳಸುವ ಸಿದ್ಧ ಕೋಡ್‌ನ ಕಡತ), ಉಬುಂಟುವಿನಲ್ಲಿ ತಂತ್ರಾಂಶಗಳನ್ನು ಹಾಕುವ ಸಾಧನವಾದ ಆಪ್ಟ್ ಮೂಲಕ ಬಂದ ಹೊಸ ಆವೃತ್ತಿಗೆ ಅಡ್ಡ ಬರುತ್ತಿತ್ತು. ಆಪ್ಟ್ ತಾನು ಹಾಕಿದ ಪ್ಯಾಕೇಜುಗಳ ಲೆಕ್ಕವನ್ನಷ್ಟೇ ಇಡುವುದರಿಂದ ‘/ಯುಎಸ್‌ಆರ್/ಲೋಕಲ್’ ಒಳಗಿನ ಈ ಕಡತಗಳನ್ನು ಅದು ಮುಟ್ಟುವುದಿಲ್ಲ. ಹಾಕಿದ್ದನ್ನು ತೆಗೆಯುವ ‘ಮೇಕ್ ಅನ್‌ಇನ್‌ಸ್ಟಾಲ್’ ಸೌಲಭ್ಯವೂ ಆ ತಂತ್ರಾಂಶದಲ್ಲಿರಲಿಲ್ಲ. ಆದ್ದರಿಂದ ಅದೇ ಆವೃತ್ತಿಯನ್ನು ಅವೇ ಆಯ್ಕೆಗಳೊಂದಿಗೆ ಮತ್ತೆ ಕಂಪೈಲ್ ಮಾಡಿ, ಇನ್‌ಸ್ಟಾಲ್ ಆಗುವ ಜಾಗವನ್ನು ಬದಲಿಸುವ ‘ಡೆಸ್ಟ್‌ಡಿರ್’ ಬಳಸಿ ಒಂದು ಖಾಲಿ ಫೋಲ್ಡರಿಗೆ ಇನ್‌ಸ್ಟಾಲ್ ಮಾಡಿದೆ. ಹೀಗೆ ಮಾಡಿದಾಗ ಸಿಸ್ಟಮ್ಮಿಗೆ ಧಕ್ಕೆಯಾಗದೆ, ಯಾವ ಕಡತ ಎಲ್ಲಿಗೆ ಹೋಗುತ್ತದೆಂಬುದು ಪೂರ್ತಿ ಕಾಣಸಿಗುತ್ತದೆ. ಆ ಪಟ್ಟಿಯೊಂದಿಗೆ ಬಿನ್, ಲಿಬ್, ಇನ್‌ಕ್ಲೂಡ್, ಶೇರ್ ಫೋಲ್ಡರುಗಳನ್ನು ತಾಳೆ ನೋಡಿ ಕಡತಗಳನ್ನು ಅಳಿಸಿದೆ. ಫೋಲ್ಡರುಗಳಿಗೆ ‘ಆರ್‌ಎಮ್‌ಡಿರ್’ ಆಜ್ಞೆ ಬಳಸುವುದೇ ಕ್ಷೇಮ, ಏಕೆಂದರೆ ಅದು ಖಾಲಿಯಿದ್ದವನ್ನಷ್ಟೇ ತೆಗೆಯುತ್ತದೆ. ನಂತರ ‘ಎಲ್‌ಡಿಕಾನ್‌ಫಿಗ್’ ಓಡಿಸಿ ಲೈಬ್ರರಿಗಳ ಕ್ಯಾಶ್ (ಅವು ಎಲ್ಲಿವೆಯೆಂಬ ಪಟ್ಟಿ) ನವೀಕರಿಸಿದಾಗ, ತಂತ್ರಾಂಶ ಯಾವ ಲೈಬ್ರರಿ ಬಳಸುತ್ತದೆಂದು ಹೇಳುವ ‘ಎಲ್‌ಡಿಡಿ’ ಹೊಸ ಲೈಬ್ರರಿಯನ್ನೇ ತೋರಿಸಿತು.